ಡಬರಿಯನ್ನು ಸಾಯಬಿಡದ ಯಂತ್ರ

“ಮುಟ್ಟಬೇಡ! ಮೊದಲು ನೋಡು, ಆಮೇಲೆ ಆಶ್ಚರ್ಯಪಡು, ಆಮೇಲೆ ಬೇಕಾದ್ರೆ ಮುಟ್ಟು!” ಎನ್ನುತ್ತ ತ್ರಿವಿಕ್ರಮ ಮೇಜಿನ ಮೇಲೆ ಹೊದಿಸಿದ್ದ ದುಪ್ಪಟಿಯನ್ನು ಜಾದೂಗಾರನ ಹಾಗೆ ಸೆಳೆದ. ಅದು ಯಂತ್ರದ ಮೂಗಿಗೆ ಸಿಕ್ಕಿಹಾಕಿಕೊಂಡು ಅರ್ಧದಲ್ಲೇ ನಿಂತಿತು. ಯಂತ್ರಕ್ಕೆ ಮೂಗು ಯಾಕೆ ಬೇಕಿತ್ತು ಎಂದು ಅವನ ತಂಗಿ ಮಂದಾಕಿನಿ ಕೇಳಲಿಲ್ಲ. ಅಣ್ಣನ ಯಂತ್ರಗಳ ಬಗ್ಗೆ ಮೊದಲು ಹೊಳೆಯುವ ಪ್ರಶ್ನೆಯನ್ನು ನುಂಗಿಕೊಂಡರೆ ಅರ್ಧ ದಿನ ಉಳಿಯುತ್ತದೆ ಎಂಬುದು ಅವಳ ಅನುಭವ.

ದುಪ್ಪಟಿ ಪೂರ್ತಿ ಜಾರಿದಾಗ ಕಂಡದ್ದು ಇಷ್ಟು: ಕೆಳಗೊಂದು ಇಡ್ಲಿ ಪಾತ್ರೆ, ಮೇಲೆ ಬ್ಯೂಟಿ ಪಾರ್ಲರಿನಲ್ಲಿ ಹೆಂಗಸರ ತಲೆ ಒಣಗಿಸುವ ಟೋಪಿ, ನಡುವೆ ಕರುಳಿನ ಹಾಗೆ ತಂತಿಗಳು. ಮೂಗು ಅಂದರೆ ಆಟೋರಿಕ್ಷಾದ ಹಾರ್ನ್.

“ಇದರ ಹೆಸರು ಸೌಮ್ಯಯಂತ್ರ! ಯಾವುದೇ ಕಂತು ಒಳಗೆ ಹಾಕು. ಮಕ್ಕಳ ಮನಸ್ಸು ಕಲಕೋ ಮಾತು, ಕಲಕೋ ಚಿತ್ರ ಏನಿದ್ರೂ ಇದೇ ಹುಡುಕಿ, ಇದೇ ಮೆತ್ತಗೆ ಮಾಡಿ, ಇದೇ ಹೊಸದಾಗಿ ಬಿಡಿಸಿ ಕೊಡುತ್ತೆ. ನಿನ್ನ ಪ್ರಸನ್ನಾಕ್ಷಿ ಮೇಡಂಗೆ ಇನ್ನು ಮೂಗು ಮುರಿಯೋಕೆ ಏನೂ ಸಿಗಲ್ಲ!”

“ಅಣ್ಣಾ, ನಾನು ಮೆತ್ತಗೆ ಮಾಡಿಕೊಡು ಅಂತ ನಿನ್ನ ಕೇಳಿದ್ನಾ?”

“ಕೇಳೋವರೆಗೂ ಕಾಯೋನು ವಿಜ್ಞಾನಿ ಅಲ್ಲ ಕಣೇ, ಗುಮಾಸ್ತ!”

ಹಾಸನದ ಸಾಲಗಾಮೆ ರಸ್ತೆಯಲ್ಲಿ, ಹಿಂದೆ ಮದುವೆ ಫೋಟೋ ತೆಗೆಯುತ್ತಿದ್ದ ಸ್ಟುಡಿಯೋವೊಂದರ ಮೇಲ್ಮಹಡಿಯೇ ಈ ಅಣ್ಣ ತಂಗಿಯ ಮನೆ ಮತ್ತು ಕಾರ್ಖಾನೆ. ಅಲ್ಲಿ ತಯಾರಾಗುತ್ತಿದ್ದದ್ದು ‘ಧೂಮಕೇತು ಲಾಡ್ಜ್’ ಎಂಬ ಆನಿಮೇಷನ್ ಸರಣಿ. ಸೂರ್ಯನನ್ನು ಸುತ್ತುವ ಒಂದು ಧೂಮಕೇತುವಿನ ಮೇಲೆ ಊಟ ವಸತಿಯ ವ್ಯವಸ್ಥೆಯುಳ್ಳ ಲಾಡ್ಜು. ಅಲ್ಲಿಗೆ ಬಂದಿಳಿಯುವ ನಾನಾ ಗ್ರಹಗಳ ಗಿರಾಕಿಗಳು, ಅವರ ಜಗಳ, ಅವರ ಬಚ್ಚಲಿನ ತಕರಾರು. ಕತೆ, ಚಿತ್ರ, ಮಾತು ಎಲ್ಲ ಮಂದಾಕಿನಿಯದು. ಬಾಕಿ ಉಳಿದದ್ದೆಲ್ಲ ತ್ರಿವಿಕ್ರಮನದು. ಏನೂ ಬಾಕಿ ಉಳಿಯದಿದ್ದರೂ ಅವನು ಬಿಡುತ್ತಿರಲಿಲ್ಲ.

ಮಕ್ಕಳ ಚಾನೆಲ್ಲಿನಲ್ಲಿ ಸರಣಿ ಚೆನ್ನಾಗಿಯೇ ಓಡುತ್ತಿತ್ತು. ಚಾನೆಲ್ಲಿನ ‘ಮಕ್ಕಳ ಮನಃಶಾಂತಿ ವಿಭಾಗ’ದ ಪ್ರಸನ್ನಾಕ್ಷಿ ಮೇಡಂ ಮಾತ್ರ ಪ್ರತಿ ಕಂತಿಗೂ ಒಂದೊಂದು ಆಕ್ಷೇಪ ಎತ್ತುತ್ತಿದ್ದರು. ಗ್ರಹಗಳನ್ನು ನುಂಗುವ ರಾಕ್ಷಸ ಘಟೋದ್ಗಾರ ಗ್ರಹ ನುಂಗಿದ್ದಕ್ಕೆ ಅವರ ಅಡ್ಡಿಯಿರಲಿಲ್ಲ, ನುಂಗಿದ ಮೇಲೆ ಬಾಯಿ ಮುಕ್ಕಳಿಸದೆ ಮಲಗಿದ್ದಕ್ಕೆ ಇತ್ತು. ಅಂಥದ್ದನ್ನೆಲ್ಲ ಮಂದಾಕಿನಿ ನಗುತ್ತ ತಿದ್ದಿಕೊಟ್ಟಿದ್ದಳು. ಕೊನೆಯ ಕಂತಿನಲ್ಲಿ ಮಾತ್ರ ಅವಳು ಜಗ್ಗಲಿಲ್ಲ.

ಕೊನೆಯ ಕಂತಿನಲ್ಲಿ ಡಬರಿ ಸಾಯುತ್ತಾನೆ. ಡಬರಿ ಅಂದರೆ ಆ ಲಾಡ್ಜಿನ ಮಾಣಿ. ಡಬರಿ ಪಾತ್ರೆಯಂಥ ಹೊಟ್ಟೆಯ ಮುದಿ ರೋಬೋ. ‘ಏನೇನಿದೆ?’ ಅಂದರೆ ಸಾಕು, ಒಂದೇ ಉಸಿರಿನಲ್ಲಿ ತಿಂಡಿಗಳ ಪಟ್ಟಿ ಒದರುತ್ತಿದ್ದ. ಆ ಪಟ್ಟಿ ಕೇಳಲಿಕ್ಕೆಂದೇ ದಿನಾ ಬರುತ್ತಿದ್ದ ಒಂದು ಪುಟ್ಟ ಗಿರಾಕಿ ಮಿಣುಕು. ಬೆಳಕು ಕುಡಿದು ಬದುಕುವ ಗ್ರಹದ ಆ ಮಗುವಿಗೆ ತಿಂಡಿ ಬೇಡ, ತಿಂಡಿಯ ಹೆಸರು ಬೇಕು. ಕೊನೆಯ ದೃಶ್ಯದಲ್ಲಿ ಡಬರಿಯ ಪಟ್ಟಿ ನಡುವೆಯೇ ನಿಂತುಹೋಗುತ್ತದೆ. ಆ ಒಂದು ನಿಮಿಷದ ದೃಶ್ಯಕ್ಕೆ ಮಂದಾಕಿನಿ ಉಳಿದೆಲ್ಲ ಕಂತುಗಳಿಗೆ ಪಟ್ಟಷ್ಟು ಪಾಡು ಪಟ್ಟಿದ್ದಳು.

“ಆ ಸೀನ್ ನೋಡಿದ್ರೆ ಮಕ್ಕಳು ಅಳ್ತಾರಲ್ಲಮ್ಮಾ!” ಎಂದು ಪ್ರಸನ್ನಾಕ್ಷಿ ಮೇಡಂ ಫೋನಿನಲ್ಲಿ ಅಲವತ್ತುಕೊಂಡಿದ್ದರು.

“ಅಳಲಿ ಅಂತಲೇ ಮಾಡಿರೋದು ಮೇಡಂ.”

“ಹಾಸ್ಯ ಸರಣಿ ಅಂತ ಬರೆದುಕೊಟ್ಟು ಅಳಿಸ್ತೀರಾ? ನಾಳೆ ಖುದ್ದು ಬರ್ತೀನಿ. ಆ ಸೀನ್ ಮೆತ್ತಗಾಗಿದ್ರೆ ಕಂತು ಹೋಗುತ್ತೆ. ಇಲ್ಲದಿದ್ರೆ ಹಿಂದಿನ ಕಂತೇ ಕೊನೇದು ಅಂತ ಹಾಕಿಬಿಡ್ತೀನಿ.”

ಹಿಂದಿನ ಕಂತು ಮುಗಿಯುವುದು ಘಟೋದ್ಗಾರ ಲಾಡ್ಜಿನ ಕಕ್ಕಸಿನಲ್ಲಿ ಸಿಕ್ಕಿಹಾಕಿಕೊಂಡು ಕೂಗುವಲ್ಲಿ. ಸರಣಿಯನ್ನು ಅಲ್ಲಿಗೆ ಮುಗಿಸುವುದೆಂದರೆ ಮಂದಾಕಿನಿಗೆ ತಾನೇ ಒಳಗೆ ಸಿಕ್ಕಿಕೊಂಡ ಹಾಗಾಗುತ್ತಿತ್ತು. ಆದರೂ ನಾಳೆ ಮೇಡಂ ಎದುರು ಕೂತು, ದೃಶ್ಯ ಇದ್ದ ಹಾಗೇ ತೋರಿಸಿ, ಒಪ್ಪಿಸಿಯೇ ತೀರುತ್ತೇನೆಂದು ಅವಳು ಹಟ ಹಿಡಿದಿದ್ದಳು. ಅಷ್ಟರಲ್ಲಿ ಈ ಮೂಗಿನ ಯಂತ್ರ.

“ಯಾವುದು ಮನಸ್ಸು ಕಲಕುತ್ತೆ, ಯಾವುದು ಕಲಕಲ್ಲ ಅಂತ ಇದಕ್ಕೆ ಹೇಗೆ ಗೊತ್ತು?” ಎಂದು ಅವಳು ಕೇಳಿದಳು.

“ಅಲ್ಲೇ ಇರೋದು ನನ್ನ ಜಾಣತನ! ಜಗತ್ತಿನಲ್ಲಿ ಒಂದೇ ಒಂದು ಕೆಟ್ಟ ಮಾತೂ ಆಡದೇ ಇರೋ ಮನುಷ್ಯರು ಯಾರು ಹೇಳು? ಅವರ ಜೊತೆ ಪಾಠಕ್ಕೆ ಬಿಟ್ಟಿದ್ದೆ. ವಾರವಿಡೀ ಅಡುಗೆಮನೆ ಕಪಾಟಿನ ಮೇಲೆ ಕೂತು ಕಲೀತು!”

ಮಂದಾಕಿನಿ ಥಟ್ಟನೆ ಹಿಂದಕ್ಕೆ ತಿರುಗಿದಳು. ಅಡುಗೆಮನೆಯಿಂದ ಭಾಗೀರತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

*

ಭಾಗೀರಥಿ ಎಂಬ ಈ ಸೋದರತ್ತೆ ಅಣ್ಣ ತಂಗಿಯನ್ನು ಸಾಕಿದವರು. ಅವರ ನಂಬಿಕೆಯ ಪ್ರಕಾರ ನಮ್ಮೆಲ್ಲರ ತಲೆಯ ಮೇಲೆ ಅಸ್ತು ದೇವತೆಗಳು ಸದಾ ಓಡಾಡುತ್ತಿರುತ್ತಾರೆ. ಬಾಯಿಂದ ಏನು ಬಂದರೂ ‘ಅಸ್ತು’ ಎಂದುಬಿಡುತ್ತಾರೆ. ಆದ್ದರಿಂದ ಭಾಗೀರತ್ತೆಯ ಬಾಯಲ್ಲಿ ಬಳೆ ಒಡೆಯುತ್ತಿರಲಿಲ್ಲ, ಬಳೆ ಹೆಚ್ಚುತ್ತಿತ್ತು. ದೀಪ ಆರುತ್ತಿರಲಿಲ್ಲ, ದೊಡ್ಡದಾಗುತ್ತಿತ್ತು. ಅಕ್ಕಿ ಮುಗಿಯುತ್ತಿರಲಿಲ್ಲ, ತುಂಬುತ್ತಿತ್ತು. ಕತ್ತಲಾದ ಮೇಲೆ ಹಾವು ಹಾವಲ್ಲ, ಹಗ್ಗ. ಹೊರಟವರು ಯಾರೂ ಹೋಗುತ್ತಿರಲಿಲ್ಲ, ಹೋಗಿ ಬರುತ್ತಿದ್ದರು. ಈ ಭಾಷೆ ಮನೆಯವರಿಗೆಲ್ಲ ಅಭ್ಯಾಸವಾಗಿತ್ತು. ಅತ್ತೆ ‘ಸಕ್ಕರೆ ತುಂಬಿದೆ ಕಣೋ’ ಎಂದರೆ ತ್ರಿವಿಕ್ರಮ ಚೀಲ ಹಿಡಿದು ಅಂಗಡಿಗೆ ಹೊರಡುತ್ತಿದ್ದ.

ಯಂತ್ರಕ್ಕೆ ಮಾತ್ರ ಅಂಗಡಿಗೆ ಹೋಗುವ ಅಭ್ಯಾಸವಿರಲಿಲ್ಲ.

“ಒಂದು ಸಣ್ಣ ತುಣುಕು ನೋಡು” ಎಂದು ತ್ರಿವಿಕ್ರಮ ಗುಂಡಿ ಒತ್ತಿದ. ಗೋಡೆಯ ಮೇಲೆ ಧೂಮಕೇತು ಲಾಡ್ಜಿನ ಊಟದ ಮನೆ ಮೂಡಿತು. ಅಡುಗೆಯವನ ಕೈಯಿಂದ ತಟ್ಟೆ ಜಾರಿ ಕೆಳಗೆ ಬಿತ್ತು. ಯಂತ್ರ ಪೀಂ ಎಂದಿತು.

“ತಟ್ಟೆ ಹೆಚ್ಚಿತು ಕಂದಾ” ಎಂದಿತು ಪರದೆಯ ದನಿ.

ನೆಲಕ್ಕೆ ಬಿದ್ದ ತಟ್ಟೆ ಒಡೆಯುವ ಬದಲು ಎರಡಾಯಿತು. ಎರಡೂ ಫಳಫಳ ಹೊಳೆಯುತ್ತಿದ್ದವು.

“ಎಷ್ಟು ಲಕ್ಷಣವಾಗಿ ಮಾತಾಡುತ್ತೆ ನೋಡೇ ಮಗು!” ಎಂದು ಭಾಗೀರತ್ತೆ ಯಂತ್ರದ ಮೂಗಿಗೆ ದೃಷ್ಟಿ ತೆಗೆದರು.

“ಅಣ್ಣಾ, ನಿಲ್ಲಿಸು. ಪೂರ್ತಿ ಕಂತು ಇದಕ್ಕೆ ಹಾಕಬೇಡ.”

“ಹಾಕಿಯಾಯ್ತು!”

“ನನ್ನ ಮೂಲ ಪ್ರತಿ?”

“ಒಳಗೇ ಇದೆ. ಇನ್ನೊಂದು ಪ್ರತಿ ಇಟ್ಟುಕೊಳ್ಳೋದು ಯಾಕೆ? ಕೆಲಸ ಮುಗಿಸಿ ಅದೇ ಕೊಡುತ್ತಲ್ಲ!”

ಮಂದಾಕಿನಿ ಕುರ್ಚಿಗಾಗಿ ಕೈಯಾಡಿಸಿದಳು. ಕುರ್ಚಿ ಸಿಗಲಿಲ್ಲ, ನೆಲ ಸಿಕ್ಕಿತು.

*

ಮುಂದೆ ಗೋಡೆಯ ಮೇಲೆ ನಡೆದದ್ದನ್ನು ಅವಳು ನೆಲದ ಮೇಲೆ ಕೂತೇ ನೋಡಿದಳು. ಘಟೋದ್ಗಾರ ತನ್ನ ಫಿರಂಗಿಯಿಂದ ಚಂದ್ರನಿಗೆ ಗುರಿಯಿಟ್ಟು ಹೊಡೆದ. ‘ಢಮಾರ್’ ಎನ್ನಬೇಕಿದ್ದ ಜಾಗದಲ್ಲಿ ‘ಚಂದ್ರ ಹೆಚ್ಚಿದ’ ಎಂದಾಯಿತು. ಹೆಚ್ಚಿದ ಅಂದರೆ ಸುಮ್ಮನೆ ಹೆಚ್ಚಲಿಲ್ಲ! ಆಕಾಶದ ತುಂಬ ಚಂದ್ರರು, ದೀಪಾವಳಿಯ ಮಾರನೆಯ ದಿನದ ಸಂತೆಯಲ್ಲಿ ಚೆಂಡುಹೂ ಸುರಿದ ಹಾಗೆ. ಒಬ್ಬನಿಗೊಬ್ಬ ಡಿಕ್ಕಿ ಹೊಡೆದು ಇನ್ನಷ್ಟು ಹೆಚ್ಚಿದರು. ಘಟೋದ್ಗಾರನ ಮುಖದಲ್ಲಿ ಕಂಡ ಗಾಬರಿಯನ್ನು ಮಂದಾಕಿನಿ ಬಿಡಿಸಿರಲಿಲ್ಲ. ಅದು ಅವನದೇ ಇರಬೇಕು.

ಲಾಡ್ಜಿಗೆ ಗಿರಾಕಿಗಳನ್ನು ತಂದಿಳಿಸುವ ಹಡಗಿನ ಕ್ಯಾಪ್ಟನ್ ಕಾಳಪ್ಪ ಕತೆಯಲ್ಲಿ ಒಂದು ಹಾವು; ಟೋಪಿ, ಬಿಲ್ಲೆ, ಠೀವಿ ಎಲ್ಲ ಇದ್ದ ಹಾವು. ಬಾಹ್ಯಾಕಾಶದಲ್ಲಿ ಯಾವಾಗಲೂ ಕತ್ತಲೆ. ಯಂತ್ರ ಯೋಚಿಸಿತು, ಪೀಂ ಎಂದಿತು. ಕ್ಯಾಪ್ಟನ್ ಕಾಳಪ್ಪ ಟೋಪಿ ಹಾಕಿಕೊಂಡ ಬಾವಿ ಹಗ್ಗವಾಗಿ ಸುರುಳಿ ಸುತ್ತಿಕೊಂಡು ಸೆಲ್ಯೂಟ್ ಹೊಡೆದ.

“ಇದೇನೋ ಹೊಸಾ ಥರ ಇದೆ” ಎಂದ ತ್ರಿವಿಕ್ರಮ, ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

ಅಷ್ಟರಲ್ಲಿ ಲಾಡ್ಜಿನ ಅಡುಗೆಯವನು “ಅಕ್ಕಿ ತುಂಬಿದೆ ಸಾರ್!” ಎಂದು ಓಡಿಬಂದ. ಅವನ ಬೆನ್ನ ಹಿಂದೆಯೇ ಅಕ್ಕಿ ಬಂತು. ಕಿಟಕಿಯಿಂದ, ಬಾಗಿಲಿಂದ, ಕೊನೆಗೆ ನಲ್ಲಿಯಿಂದ. ಗಿರಾಕಿಗಳೆಲ್ಲ ಗಂಟುಮೂಟೆ ಕಟ್ಟಿ “ಹೋಗಿ ಬರ್ತೀವಿ” ಎಂದು ಹೊರಟರು. ಹೋದರು. ಬಂದರು. ಮತ್ತೆ “ಹೋಗಿ ಬರ್ತೀವಿ” ಎಂದರು. ಹೋದರು, ಬಂದರು! ಲಾಡ್ಜಿನ ಬಾಗಿಲು ಹಾಸನದ ಬಸ್ ನಿಲ್ದಾಣದ ಹಾಗಾಯಿತು.

“ನಿಲ್ಲಿಸು!” ಎಂದು ಮಂದಾಕಿನಿ ಯಂತ್ರದ ಮುಂದೆ ಕಿರುಚಿದಳು.

ಯಂತ್ರ ವಿಧೇಯವಾಗಿ ಪರದೆಯ ಮೇಲಿದ್ದವರನ್ನೆಲ್ಲ ಸಾಲಾಗಿ ನಿಲ್ಲಿಸಿತು. ಕೂತಿದ್ದವರೂ ಎದ್ದು ನಿಂತರು.

“ಅದಲ್ಲ! ಆರಿಸು! ಆರಿಸು ಇದನ್ನ!”

“ಯಾವುದನ್ನ ಆರಿಸಲಿ ಕಂದಾ?” ಎಂದು ಯಂತ್ರ ಭಾಗೀರತ್ತೆಯ ದನಿಯಲ್ಲಿ ಕೇಳಿತು. ಪರದೆಯ ಮೇಲೆ ಚಂದ್ರ, ಹಗ್ಗ, ಅಕ್ಕಿ ಮೂರನ್ನೂ ಜೋಡಿಸಿಟ್ಟು ಕಾಯಿತು.

“ಅಯ್ಯೋ, ಇದುವರೆಗೆ ಮಾಡಿದ್ದನ್ನೆಲ್ಲ ಅಳಿಸು!”

ಯಂತ್ರ ಬೆಚ್ಚಿತು. ಟೋಪಿಯೊಳಗಿನ ಬಿಸಿಗಾಳಿ ಬುಸ್ಸೆಂದಿತು. “ಅಳಿಸೋದಾ? ನಾನು ಯಾರನ್ನೂ ಅಳಿಸಲ್ಲ! ಮಕ್ಕಳನ್ನ ಅಳಿಸಬಾರದು ಅಂತಲೇ ನನ್ನ ಹುಟ್ಟಿಸಿರೋದು!”

ಮಂದಾಕಿನಿ ಅಣ್ಣನ ಕಡೆ ತಿರುಗಿದಳು. “ಕನ್ನಡದಲ್ಲಿ ಇದನ್ನ ಬಂದ್ ಮಾಡೋಕೆ ಯಾವ ಪದ ಇಟ್ಟಿದೀಯಾ?”

“ಅತ್ತೆ ಹೇಳಿಕೊಟ್ಟಿದ್ದು. ‘ದೊಡ್ಡದು ಮಾಡು.’”

ಬಾಯಿಂದ ಮಾತು ಜಾರಿದ ಮೇಲೆ ಅವನಿಗೆ ಹೊಳೆಯಿತು. ಆದರೆ ಯಂತ್ರ ಕೇಳಿಸಿಕೊಂಡಾಗಿತ್ತು. ಮನೆಯ ದೀಪಗಳು, ಪರದೆಯ ಬೆಳಕು, ಸ್ಪೀಕರಿನ ಸದ್ದು ಎಲ್ಲ ಒಟ್ಟಿಗೆ ದೊಡ್ಡದಾದವು. ಹಾಡುಹಗಲಲ್ಲಿ ಆ ಕೋಣೆ ಹಳೆಯ ಮದುವೆ ಫೋಟೋ ಸ್ಟುಡಿಯೋದ ವೈಭವಕ್ಕೆ ಮರಳಿತು. ಎದುರು ಮನೆಯವರು ಬಾಲ್ಕನಿಗೆ ಬಂದು, “ಏನ್ರೀ, ಮಂದಾಕಿನಿಗೆ ಗಂಡು ಗೊತ್ತಾಯ್ತಾ?” ಎಂದು ಕೂಗಿ ಕೇಳಿದರು.

“ಪ್ಲಗ್ಗು ಕೀಳೋ!”

“ಕಿತ್ತರೆ ಪ್ರಯೋಜನ ಇಲ್ಲ ಕಣೇ. ಕರೆಂಟು ಹೋದಾಗ ಬೇಕಾಗುತ್ತೆ ಅಂತ ಒಳಗೆ ಲಾರಿ ಬ್ಯಾಟರಿ ಇಟ್ಟಿದೀನಿ. ಇದಕ್ಕೆ ಬುದ್ಧಿ ಹೇಳಿ ಒಪ್ಪಿಸಬೇಕು ಅಷ್ಟೆ. ಬಲವಂತ ಮಾಡಿದ್ರೆ ಒಳಗಿರೋ ಮೂಲ ಪ್ರತಿ...” ಎಂದವನು ತಂಗಿಯ ಮುಖ ನೋಡಿ ವಾಕ್ಯವನ್ನು ಅಲ್ಲೇ ಬಿಟ್ಟ.

*

ಮೇಡಮ್ಮಿಗೆ ಫೋನ್ ಮಾಡಿ ನಾಲ್ಕು ದಿನ ಕಾಲಾವಕಾಶ ಕೇಳುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಮಂದಾಕಿನಿ ಗಂಟಲು ಸರಿಮಾಡಿಕೊಂಡು ಫೋನ್ ಹಚ್ಚಿದಳು.

“ಮೇಡಂ, ನಾಳೆ ಬರಬೇಡಿ. ಕಂತು ಕೆಟ್ಟುಹೋಗಿದೆ.”

ಗೋಡೆಯ ಸ್ಪೀಕರಿನಿಂದ ಅವಳದೇ ದನಿ ಜೇನು ಸುರಿಸಿಕೊಂಡು ಹೊರಟಿತು: “ಮೇಡಂ, ನಾಳೆವರೆಗೂ ಯಾಕೆ? ಇವತ್ತೇ ಬನ್ನಿ! ಕಂತು ಹಣ್ಣಾಗಿದೆ!”

ಮಂದಾಕಿನಿ ಫೋನನ್ನು ಹಾವಿನ ಹಾಗೆ ದೂರ ಹಿಡಿದು ನೋಡಿದಳು. ತ್ರಿವಿಕ್ರಮ ಮೇಲ್ಛಾವಣಿ ನೋಡುತ್ತಿದ್ದ.

“ಮನೇಲಿ ಮಾತಾಡೋ ವಸ್ತು ಏನೇನಿದೆಯೋ ಎಲ್ಲಕ್ಕೂ ಕನೆಕ್ಷನ್ ಕೊಟ್ಟಿದೀನಿ, ಫೋನಿಗೂ” ಎಂದ ಮೆಲ್ಲಗೆ.

“ಹೌದೇನಮ್ಮಾ!” ಎಂದು ಆ ಕಡೆಯಿಂದ ಪ್ರಸನ್ನಾಕ್ಷಿ ಮೇಡಂ ಹಿಗ್ಗಿದರು. “ನಾನೂ ಹಾಸನಕ್ಕೆ ಬಂದು ತಂಗಿ ಮನೇಲಿ ಉಳಿದಿದೀನಿ. ಮೆತ್ತಗೆ ಮಾಡಿದೀರಾ ತಾನೆ?”

“ಇಲ್ಲ ಮೇಡಂ! ಬೇಡ! ಬರಲೇಬೇಡಿ!”

“ಎಲ್ಲ ಇದೆ ಮೇಡಂ! ಬನ್ನಿ! ಊಟ ಇಲ್ಲೇ!” ಎಂದಿತು ಯಂತ್ರ.

ಭಾಗೀರತ್ತೆಗೆ ಸಂತೋಷವಾಯಿತು. ಮನೆಗೆ ಬರುವವರನ್ನು ಬರಬೇಡಿ ಎನ್ನುವ ಮಾತನ್ನು ತಮ್ಮ ಶಿಷ್ಯ ಬಾಯಿಂದ ಹೊರಗೆ ಬಿಡದೆ ಕಾಪಾಡಿದ್ದಕ್ಕೆ ಅವರು ಒಳಗೆ ಹೋಗಿ ಇನ್ನೊಂದು ಪಾವು ಅಕ್ಕಿ ತೊಳೆದರು.

*

ಮೇಡಂ ಬಂದಾಗ ಕಪ್ಪು ಕನ್ನಡಕ ಹಾಕಿಕೊಂಡೇ ಒಳಗೆ ಬರಬೇಕಾಯಿತು, ದೀಪಗಳು ಅಷ್ಟು ದೊಡ್ಡದಾಗಿದ್ದವು. ಅವರು ದುಂಡು ಮುಖದ, ಮಾತಿಗೆ ಮುಂಚೆ ನಗುವ ಹೆಂಗಸು. ಪರದೆಯ ತುಂಬ ಹರಡಿದ ಚಂದ್ರರನ್ನೂ ಟೋಪಿಯ ಹಗ್ಗವನ್ನೂ ಹೋಗಿ ಹೋಗಿ ಬರುವ ಗಿರಾಕಿಗಳನ್ನೂ ನೋಡಿ ಅವರಿಗೆ ಎಲ್ಲಿಲ್ಲದ ಖುಷಿ.

“ಆಹಾ! ಯಾರಿಗೂ ನೋವಿಲ್ಲ! ಇಷ್ಟು ದಿನ ಯಾಕಮ್ಮಾ ಹೀಗೆ ಮಾಡಲಿಲ್ಲ ನೀನು?”

“ನಾನು ಈಗಲೂ ಮಾಡಿಲ್ಲ ಮೇಡಂ” ಎಂದಳು ಮಂದಾಕಿನಿ. ಯಂತ್ರ ಅದನ್ನು ‘ನಿಮ್ಮ ಆಶೀರ್ವಾದ’ ಎಂದು ತಿದ್ದಿತು.

“ಇನ್ನು ಆ ಡಬರಿ ಸೀನ್ ಒಂದು ತೋರಿಸಿಬಿಡಿ. ಅಲ್ಲೂ ಹೀಗೇ ಇದ್ರೆ ಇವತ್ತೇ ಒಪ್ಪಿಗೆ.”

ಮಂದಾಕಿನಿ ಕೂದಲೆಳೆಯಷ್ಟೂ ಬದಲಿಸುವುದಿಲ್ಲ ಎಂದಿದ್ದ ದೃಶ್ಯ ಈಗ ಇಡ್ಲಿ ಪಾತ್ರೆಯ ಹೊಟ್ಟೆಯೊಳಗಿತ್ತು.

ಪರದೆಯ ಮೇಲೆ ಲಾಡ್ಜಿನ ಊಟದ ಮನೆ. ಡಬರಿ ಗೋಡೆಗೊರಗಿ ಕೂತಿದ್ದಾನೆ, ಹೆಗಲ ಮೇಲೆ ಮೇಜು ಒರೆಸುವ ಬಟ್ಟೆ. ಮಿಣುಕು ಬಂದು ಅವನ ಮುಂದೆ ನಿಂತು ಕೇಳುತ್ತದೆ: “ಏನೇನಿದೆ?”

“ಇಡ್ಲಿ, ವಡೆ, ಮಸಾಲೆ, ಪೂರಿ, ಉಪ್ಪಿಟ್ಟು, ಕೇಸರಿಬಾತು, ಖಾರಾ...”

ಇಲ್ಲಿ ಪಟ್ಟಿ ನಿಲ್ಲಬೇಕು. ಡಬರಿಯ ಕಣ್ಣಿನ ದೀಪ ಸಣ್ಣದಾಗುತ್ತ ಬಂತು. ಯಂತ್ರ ಪೀಂ ಎಂದು ಚೀರಿತು. ಆ ಕಣ್ಣುಗಳು ಭಗ್ಗನೆ ದೊಡ್ಡದಾದವು.

“...ಬಾತು! ಅಕ್ಕಿರೊಟ್ಟಿ, ತಾಲಿಪಟ್ಟು, ಶಾವಿಗೆ, ಒತ್ತು ಶಾವಿಗೆ, ಹಯಗ್ರೀವ, ಹೋಳಿಗೆ, ಕಾಯಿಹೋಳಿಗೆ, ಕರಿಗಡುಬು...”

ವಾರವಿಡೀ ಅಡುಗೆಮನೆಯ ಕಪಾಟಿನ ಮೇಲೆ ಕೂತಿದ್ದ ಯಂತ್ರಕ್ಕೆ ಭಾಗೀರತ್ತೆಯ ಪಾಕಶಾಸ್ತ್ರವೆಲ್ಲ ಬಾಯಿಪಾಠವಾಗಿತ್ತು.

ಪ್ರಸನ್ನಾಕ್ಷಿ ಮೇಡಂ ಚಪ್ಪಾಳೆ ತಟ್ಟಿದರು. “ಬದುಕಿದ! ಎಷ್ಟು ಚೆನ್ನಾಗಿದೆ! ನನಗೆ ಹಸಿವೇ ಆಯ್ತು!”

“ತೊವ್ವೆ, ಗೊಜ್ಜು, ಮಾವಿನಕಾಯಿ ಚಿತ್ರಾನ್ನ, ಹುಳಿಯನ್ನ, ಬಿಸಿಬೇಳೆಬಾತು...” ಡಬರಿ ಒದರುತ್ತಲೇ ಇದ್ದ. ಮೇಡಂ ನಗುತ್ತಲೇ ಇದ್ದರು. ಸಾರುಗಳ ಸರದಿ ಬಂತು, ಆಮೇಲೆ ಸಂಡಿಗೆಗಳು, ಆಮೇಲೆ ಉಪ್ಪಿನಕಾಯಿಗಳು. ಮೇಡಮ್ಮಿನ ನಗು ಉಪ್ಪಿನಕಾಯಿಗಳ ನಡುವೆ ಎಲ್ಲೋ ತೆಳುವಾಯಿತು. ಅತ್ತೆಗೆ ಗೊತ್ತಿದ್ದ ತಿಂಡಿಗಳು ಮುಗಿದವು. ಯಂತ್ರ ಜಗ್ಗಲಿಲ್ಲ, ತಾನೇ ಹುಟ್ಟಿಸತೊಡಗಿತು: “ಚಂದ್ರಬಾತು, ಹಗ್ಗದ ಪಾಯಸ, ತಟ್ಟೆ ಪಲ್ಯ...”

ಡಬರಿಯ ದನಿ ಗೊಗ್ಗರಾಗಿತ್ತು. ಹೊಟ್ಟೆಯ ಸ್ಕ್ರೂ ಒಂದೊಂದೇ ಉದುರುತ್ತಿತ್ತು. ಉದುರಿದ್ದು ಪ್ರತಿ ಸಲ ಹೆಚ್ಚುತ್ತಿತ್ತು. ಕೈ ನಡುಗುತ್ತಿತ್ತು. ಯಂತ್ರ ಮಾತು ಮಾತ್ರ ನಿಲ್ಲಬಿಡುತ್ತಿರಲಿಲ್ಲ. ಅವನ ಮುಂದೆ ಮಿಣುಕು ತನ್ನ ಸರದಿಯ ಮಾತಿಗೆ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು ಕಾಯುತ್ತ ನಿಂತಿತ್ತು.

“ಸಾಕಲ್ವಾ?” ಎಂದರು ಮೇಡಂ.

“ಸಾಕು ಅನ್ನೋ ಮಾತು ಅದಕ್ಕೆ ಗೊತ್ತಿಲ್ಲ ಮೇಡಂ” ಎಂದ ತ್ರಿವಿಕ್ರಮ. “ಬಡಿಸುವಾಗ ಸಾಕು ಅಂದ್ರೆ ನಮ್ಮತ್ತೆ ಇನ್ನೊಂದು ಸೌಟು ಹಾಕ್ತಾರೆ.”

“ಪಾಪ ಕಣ್ರೀ, ಎಷ್ಟು ಸುಸ್ತಾಗಿದಾನೆ ನೋಡಿ! ಆ ಮಗು ಬೇರೆ ನಿಂತೇ ಇದೆ! ಯಾರಾದ್ರೂ ಅವನನ್ನ ಮಲಗಿಸಬಾರದಾ?” ಮೇಡಮ್ಮಿನ ಕನ್ನಡಕದ ಕೆಳಗಿಂದ ನೀರು ಇಳಿಯತೊಡಗಿತು. “ಇದು ನೋಡಿದ್ರೆ ಮಕ್ಕಳು ರಾತ್ರಿ ನಿದ್ದೆ ಮಾಡ್ತಾರಾ? ಅವನ ಪಾಡಿಗೆ ಅವನು ಹೋಗಲಿ ಬಿಡ್ರೀ!”

“ನಾನು ಅದನ್ನೇ ಬರೆದಿದ್ದೆ ಮೇಡಂ” ಎಂದಳು ಮಂದಾಕಿನಿ. ಈ ಸಲ ಯಂತ್ರಕ್ಕೆ ತಿದ್ದಲು ಪುರುಸೊತ್ತಿರಲಿಲ್ಲ.

ಅವಳು ಯಂತ್ರದ ಮೂಗಿನ ಮುಂದೆ ಮಂಡಿಯೂರಿ ಬೇಡಿಕೊಂಡಳು. ತ್ರಿವಿಕ್ರಮ ಗದರಿದ. ಮೇಡಂ ಚಾನೆಲ್ಲಿನ ಹೆಸರು ಹೇಳಿ ಆಜ್ಞೆ ಮಾಡಿದರು. ಯಂತ್ರದ್ದು ಒಂದೇ ಉತ್ತರ: “ಅಂಥ ಮಾತು ಆಡಬಾರದು ಕಂದಾ. ಅತ್ತೆ ಆಡಲ್ಲ.”

ಮೂವರೂ ಒಟ್ಟಿಗೆ ಹಿಂದಕ್ಕೆ ತಿರುಗಿದರು.

ಭಾಗೀರತ್ತೆ ಬಾಗಿಲ ಬಳಿ ಸೌಟು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ತಮ್ಮ ಗಂಡನ ವಿಷಯದಲ್ಲೂ ಅವರು ಆ ಮಾತು ಆಡಿದವರಲ್ಲ. “ನಿಮ್ಮ ಮಾವ ಕಾಶಿ ಕಡೆ ಹೋದ್ರು” ಎನ್ನುತ್ತಿದ್ದರು. ಆ ಮಾವ ಹೋದದ್ದು ಹಾಸನದ ಆಸ್ಪತ್ರೆಯಲ್ಲಿ, ಎಲ್ಲರ ಕಣ್ಣೆದುರಿಗೆ.

“ಅತ್ತೇ, ನೀವೊಬ್ರೇ ಹೇಳಬೇಕು.”

“ನನ್ನ ಬಾಯಲ್ಲಿ ಬರಿಸಬೇಡ ಕಣೇ ಮಂದಾ.”

“ಅವನನ್ನ ನೋಡಿ ಅತ್ತೆ.”

ಅತ್ತೆ ನೋಡಿದರು. ಡಬರಿ “ಗಾಳಿ ಹೋಳಿಗೆ, ನೀರು ಹಪ್ಪಳ...” ಎನ್ನುತ್ತಿದ್ದ. ಅಡುಗೆಯವರಿಗೆ ಅಡುಗೆಯವರ ದಣಿವು ತಿಳಿಯುತ್ತದೆ. ಅವರು ಸೌಟನ್ನು ಮೇಜಿನ ಮೇಲಿಟ್ಟು, ಮೇಲಕ್ಕೆ ಮುಖ ಎತ್ತಿ, ಪಕ್ಕದ ಮನೆಯವರಿಗೆ ಹೇಳುವ ಹಾಗೆ ಹೇಳಿದರು: “ನೋಡಿ ದೇವತೆಗಳೇ, ನೀವು ಒಂದು ಗಳಿಗೆ ಬೇರೆ ಬೀದಿ ಕಡೆ ಹೋಗಿ. ಇದು ನಿಮಗೆ ಹೇಳೋ ಮಾತಲ್ಲ.”

ದೇವತೆಗಳು ಹೋಗಲು ಬೇಕಾದಷ್ಟು ಹೊತ್ತು ಅತ್ತೆ ಕಾದರು. ಆಮೇಲೆ ಯಂತ್ರದ ಟೋಪಿಯ ಮೇಲೆ ಕೈಯಿಟ್ಟರು.

“ಮಗೂ, ಅವನು ಸಾಯ್ತಾನೆ ಕಣಪ್ಪ. ಸಾಯಲಿ ಬಿಡು. ವಯಸ್ಸಾದವರು ಸಾಯ್ತಾರೆ. ನಿಮ್ಮಾವನೂ ಸತ್ತರು.”

ಯಂತ್ರ ಪೀಂ ಎನ್ನಲಿಲ್ಲ. ಬಿಸಿಗಾಳಿ ನಿಂತಿತು. ದೀಪಗಳು ಒಂದೊಂದಾಗಿ ಮತ್ತೆ ಮಾಮೂಲಿ ಮನೆಯ ದೀಪಗಳಾದವು. ಪರದೆಯ ಮೇಲೆ ಚಿತ್ರ ಸರಸರ ಹಿಂದಕ್ಕೆ ಓಡಿ, ಮೂಲದ ಜಾಗಕ್ಕೆ ಬಂದು ನಿಂತಿತು.

“ಏನೇನಿದೆ?”

“ಇಡ್ಲಿ, ವಡೆ, ಮಸಾಲೆ, ಪೂರಿ, ಉಪ್ಪಿಟ್ಟು, ಕೇಸರಿಬಾತು, ಖಾರಾ...”

ಅಷ್ಟೆ. ಕಣ್ಣಿನ ದೀಪ ಆರಿತು. ಮಿಣುಕು ಕಾಯಿತು. ಇನ್ನೂ ಸ್ವಲ್ಪ ಕಾಯಿತು. ಆಮೇಲೆ ಮೆತ್ತಗೆ “...ಬಾತು” ಎಂದು ತಾನೇ ಮುಗಿಸಿತು. ಡಬರಿಯ ಹೆಗಲಿನಿಂದ ಬಟ್ಟೆ ತೆಗೆದುಕೊಂಡು ತನ್ನ ಪುಟ್ಟ ಹೆಗಲಿಗೆ ಹಾಕಿಕೊಂಡು, ಪಕ್ಕದ ಮೇಜಿನಲ್ಲಿ ಕೂತ ಗಿರಾಕಿಯ ಹತ್ತಿರ ಹೋಗಿ ನಿಂತಿತು. ಚಿತ್ರ ಮುಗಿಯಿತು.

ಪ್ರಸನ್ನಾಕ್ಷಿ ಮೇಡಂ ಮೂಗು ಒರೆಸಿಕೊಂಡು, ಕಪ್ಪು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

“ಹೀಗೇ ಇರಲಿ” ಎಂದರು. “ಇದು ಒಳ್ಳೆ ಅಳು. ಆದ್ರೆ ಶುರುವಿನಲ್ಲಿ ಒಂದು ಎಚ್ಚರಿಕೆ ಹಾಕಲೇಬೇಕು ಕಣಮ್ಮಾ. ನಾನು ಆಫೀಸಿಗೆ ಉತ್ತರ ಹೇಳಬೇಕಲ್ಲ. ಯಾರು ಬರೀತೀರಾ?”

“ನಾನು” ಎಂದಿತು ಯಂತ್ರ.

ಎಲ್ಲರೂ ಬೆಚ್ಚಿಬಿದ್ದರು. ದನಿ ಅತ್ತೆಯದೇ, ಆದರೆ ಜೇನು ಇರಲಿಲ್ಲ. ಹೊಸದಾಗಿ ಕೆಟ್ಟ ಮಾತು ಕಲಿತ ಹುಡುಗನ ಉತ್ಸಾಹವಿತ್ತು.

“ಬಳೆ ಒಡೆದಿದೆ! ಅಕ್ಕಿ ಮುಗಿದಿದೆ! ಹಾವು ಹಾವೇ! ಮೇಡಂ ಇಲ್ಲಿಗೆ ಬಂದಿದ್ದು ತಂಗಿ ಮನೆ ಸಾರು ಚೆನ್ನಾಗಿಲ್ಲ ಅಂತ! ತ್ರಿವಿಕ್ರಮ ಮಾಡಿದ ಯಂತ್ರ ಯಾವುದೂ ಕೆಲಸ ಮಾಡಲ್ಲ!”

“ನೀನೂ ಸೇರಿ ತಾನೆ?” ಎಂದ ತ್ರಿವಿಕ್ರಮ ಸಿಟ್ಟಿನಿಂದ.

“ನಾನೂ ಸೇರಿ!” ಎಂದಿತು ಯಂತ್ರ ಹೆಮ್ಮೆಯಿಂದ.

*

ಕಂತು ಭಾನುವಾರ ಸಂಜೆ ಪ್ರಸಾರವಾಯಿತು. ಶುರುವಿನಲ್ಲಿ ಬಿಳಿಯ ಪರದೆ, ಅದರ ಮೇಲೆ ಯಂತ್ರದ ದನಿ:

“ಮಕ್ಕಳೇ, ಇದರಲ್ಲಿ ಡಬರಿ ಸಾಯ್ತಾನೆ. ಅಳು ಬಂದ್ರೆ ಅತ್ತುಬಿಡಿ. ಆಮೇಲೆ ಕೈಕಾಲು ತೊಳೆದು ಊಟ ಮಾಡಿ.”

ಅದರ ಪ್ರಕಾರವೇ ನಡೆಯಿತೆಂದು ಕಾಣುತ್ತದೆ. ಬಂದ ದೂರು ಒಂದೇ. ಅರಸೀಕೆರೆಯ ಒಬ್ಬ ತಾಯಿ ಫೋನ್ ಮಾಡಿ, “ನಮ್ಮ ಹುಡುಗಿ ಅತ್ತಳು, ಊಟ ಮಾಡಿದಳು, ಮತ್ತೆ ಅಳ್ತಿದಾಳೆ. ಎರಡನೇ ಸಲಕ್ಕೆ ಏನು ಮಾಡಬೇಕು ಅಂತ ನೀವು ಹೇಳಲೇ ಇಲ್ಲವಲ್ಲ!” ಎಂದು ಜಗಳ ತೆಗೆದರು. ಮಂದಾಕಿನಿ ಆ ಫೋನನ್ನು ಅತ್ತೆಗೆ ಕೊಟ್ಟಳು. ಅತ್ತೆ ಹುಡುಗಿಯ ಜೊತೆ ಬಹಳ ಹೊತ್ತು ಮಾತಾಡಿದರು. ಏನು ಹೇಳಿದರೋ, ಆ ಹುಡುಗಿ ಕೊನೆಯಲ್ಲಿ ಕಿಲಕಿಲ ನಗುವುದು ಈ ಕಡೆಗೂ ಕೇಳಿಸಿತು.

ಚಾನೆಲ್ಲಿನ ದೊಡ್ಡವರಿಗೆ ಆ ಎಚ್ಚರಿಕೆ ಎಷ್ಟು ಹಿಡಿಸಿತೆಂದರೆ ತಮ್ಮ ಬಳಗದ ಎಲ್ಲ ಚಾನೆಲ್ಲುಗಳ ಕಾರ್ಯಕ್ರಮಗಳಿಗೂ ಅದೇ ದನಿ ಬೇಕೆಂದು ಯಂತ್ರವನ್ನೇ ಬೆಂಗಳೂರಿಗೆ ಕೊಂಡೊಯ್ದರು. ಯಂತ್ರ ಎಲ್ಲವನ್ನೂ ಶ್ರದ್ಧೆಯಿಂದ ನೋಡಿತು. ಅಡುಗೆ ಕಾರ್ಯಕ್ರಮಕ್ಕೆ ಮುಂಚೆ, “ಇದರಲ್ಲಿ ಬದನೆಕಾಯಿಗೆ ಬಹಳ ಕೆಟ್ಟದಾಗುತ್ತೆ” ಎಂದಿತು. ರಾತ್ರಿಯ ಚರ್ಚೆಗೆ ಮುಂಚೆ, “ಇದರಲ್ಲಿ ಯಾರೂ ಯಾರ ಮಾತನ್ನೂ ಕೇಳಲ್ಲ, ನೀವೂ ಕೇಳಬೇಡಿ” ಎಂದಿತು. ದಿನವೂ ಬರುವ ಸಂಸಾರದ ಧಾರಾವಾಹಿಯನ್ನು ಮಾತ್ರ ಅದು ಎರಡೆರಡು ಸಲ ನೋಡಿ, ಯೋಚಿಸಿ, ಹೀಗೆಂದಿತು:

“ಇದರಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಾಳೆ. ಗಾಬರಿ ಬೇಡ. ಈ ವರ್ಷ ಸಾಯಲ್ಲ. ಬರೋ ವರ್ಷವೂ ಸಾಯಲ್ಲ. ಅಳೋದಿದ್ರೆ ಅದಕ್ಕೇ ಅಳಿ.”

ಧಾರಾವಾಹಿಯ ನಿರ್ಮಾಪಕರು ಕಿಡಿಕಿಡಿಯಾಗಿ ಯಂತ್ರವನ್ನು ಮಾರನೆಯ ದಿನವೇ ಹಾಸನಕ್ಕೆ ವಾಪಸು ಕಳಿಸಿದರು. ಅದರ ಜೊತೆಯಲ್ಲೇ ಒಂದು ಡಬ್ಬಿ ಮೈಸೂರುಪಾಕೂ ಬಂತು. ಕಳಿಸಿದವರು, ಅಜ್ಜಿಯ ಪಾತ್ರ ಮಾಡುವ ನಟಿ.